ದೊಡ್ಡವ್ವನ ಪಗಾರ ಎಲ್ಲಿ ಹೋಯಿತು?



ನಮ್ಮ ಊರು ಗೊಟಗೋಡಿ. ತಾಲೂಕು ಶಿಗ್ಗಾಂವಿ, ಜಿಲ್ಲೆ ಹಾವೇರಿ. ಜಾನಪದ ವಿಶ್ವವಿದ್ಯಾಲಯ ಇರುವ ಊರು ಇದು. ಇದೇ ಊರಿನಲ್ಲಿ ನಾವು ಸಂಜೆ ದೀಪ ಹಚ್ಚಿದ ಮೇಲೆ ಅಕ್ಷರ ಕಲಿಯಲು ಕೂಡುತ್ತೇವೆ. ಓದುವುದು ಯಾತಕ್ಕೆ ಬೇಕು ಎಂದು ನಮಗೆ ಒಂದು ಸಂಜೆ ಚೆನ್ನಾಗಿ ತಿಳಿಯಿತು. ಆ ಕತೆ ಕೇಳಿರಿ.

ಅಂದು ದೊಡ್ಡವ್ವ ಪಾಟಿ ತೆಗೆಯಲಿಲ್ಲ. ಗೋಡೆಗೆ ಆತು ಸುಮ್ಮನೆ ಕುಳಿತಿದ್ದಳು.

“ಯಾಕ ದೊಡ್ಡವ್ವ, ಇವತ್ತು ಬರಿಯೂದಿಲ್ಲೇನು?” ಎಂದು ಕೇಳಿದೆವು.

“ಏನ್ ಬರೀಲಿ ಅಕ್ಕೋರ? ಮೂರು ತಿಂಗಳಾತು, ಪಗಾರ ಬಂದಿಲ್ಲ. ಔಷಧಕ್ಕ ರೊಕ್ಕ ಇಲ್ಲ. ಪಾಸ್‌ಬುಕ್ಕು ಸೊಸಿ ಕೈಯಾಗ ಇರ್ತದ. ಬ್ಯಾಂಕಿಗೆ ಹೋಗಾಕೀನೂ ಆಕೀನ. ನಾ ಯಾರನ್ನ ಕೇಳ್ಲಿ?”

ಸೊಸೆಯೂ ನಮ್ಮ ವರ್ಗದಲ್ಲೇ ಇದ್ದಳು. ಆಕೆಯ ಕಣ್ಣಲ್ಲಿ ನೀರು ಬಂತು.

“ಒಂದು ಪೈಸಾ ಮುಟ್ಟಿಲ್ರಿ ಅಕ್ಕೋರ. ಎಂಟು ದಿನದಿಂದ ಅತ್ತಿ ನನ್ನ ಕೈಯಾಗಿನ ರೊಟ್ಟಿ ತಿಂತಿಲ್ಲ.”

ಎಲ್ಲರೂ ಸುಮ್ಮನಾದೆವು. ಆಮೇಲೆ ನಾವು ಹೇಳಿದೆವು: “ಜಗಳ ಬ್ಯಾಡ. ಪಾಸ್‌ಬುಕ್ಕು ತರ್ರಿ. ಓದೋಣ.”

ಪಾಸ್‌ಬುಕ್ಕು ಏನು ಹೇಳಿತು?

ಸೊಸೆ ಮರುದಿನ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕಿನಲ್ಲಿ ಲೆಕ್ಕ ಬರೆಸಿಕೊಂಡು ಬಂದಳು. ಸಂಜೆ ದೀಪದ ಬೆಳಕಿನಲ್ಲಿ ನಾವೆಲ್ಲ ಕೂಡಿ ಓದಿದೆವು. ಒಂದು ಕಡೆ ‘ಜಮಾ’. ಜಮಾ ಎಂದರೆ ಬಂದ ಹಣ. ಇನ್ನೊಂದು ಕಡೆ ‘ಖರ್ಚು’. ಖರ್ಚು ಎಂದರೆ ತೆಗೆದ ಹಣ. ಕೊನೆಗೆ ‘ಶಿಲ್ಕು’. ಶಿಲ್ಕು ಎಂದರೆ ಉಳಿದ ಹಣ.

ದೊಡ್ಡವ್ವ ತಾನೇ ಬೆರಳಿಟ್ಟು ನೋಡಿದಳು. ಮೂರು ತಿಂಗಳಿಂದ ಜಮಾ ಇಲ್ಲ. ಖರ್ಚೂ ಇಲ್ಲ.

“ಹೌದಲ್ಲ! ಬಾರದ ರೊಕ್ಕಾನ ಯಾರು ತಗೀತಾರ?” ಎಂದಳು.

ಸೊಸೆ ತಪ್ಪು ಮಾಡಿಲ್ಲ ಎಂದು ಪಾಸ್‌ಬುಕ್ಕೇ ಹೇಳಿತು. ಆದರೆ ಪಗಾರ ಎಲ್ಲಿ ಹೋಯಿತು?

ಕಚೇರಿಯಲ್ಲಿ ಏನು ಹೇಳಿದರು?

ದೊಡ್ಡವ್ವ, ಸೊಸೆ, ನಾವು ಕೂಡಿ ತಾಲೂಕು ಕಚೇರಿಗೆ ಹೋದೆವು. ಅಲ್ಲಿಯವರು ಕಂಪ್ಯೂಟರ್ ನೋಡಿ ಹೇಳಿದರು:

“ಮೂರೂ ತಿಂಗಳದ್ದು ಹೋಗೇದ ನೋಡವ್ವ. ಇಲ್ಲಿ ‘ಸಂದಾಯವಾಗಿದೆ’ ಅಂತ ಐತಿ.”

ಕಚೇರಿಯಲ್ಲಿ ಹಣ ಹೋಗಿದೆ. ಪಾಸ್‌ಬುಕ್ಕಿನಲ್ಲಿ ಹಣ ಬಂದಿಲ್ಲ. ಯಾರು ಸುಳ್ಳು? ಯಾರೂ ಸುಳ್ಳಲ್ಲ. ಕಳಿಸಿದ್ದು ಖರೆ. ಮುಟ್ಟಲಿಲ್ಲ ಎಂಬುದೂ ಖರೆ. ನಡುವಿನ ದಾರಿಯನ್ನು ನಾವು ತಿಳಿಯಬೇಕು.

ಪಗಾರ ಬರುವ ದಾರಿ

ಮುಂಚೆ ಪಗಾರ ಮನಿಯಾರ್ಡರಿನಲ್ಲಿ ಬರುತ್ತಿತ್ತು. ಅಂಚೆಯವನು ಮನೆಗೆ ಬಂದು ಕೈಗೆ ಎಣಿಸಿ ಕೊಡುತ್ತಿದ್ದ. ಈಗ ಹಣ ಖಾತೆಗೆ ನೇರ ಬರುತ್ತದೆ. ಇದಕ್ಕೆ ‘ನೇರ ನಗದು ವರ್ಗಾವಣೆ’ ಎನ್ನುತ್ತಾರೆ. ಚಿಕ್ಕದಾಗಿ ‘ಡಿಬಿಟಿ’. ನಮ್ಮ ದೇಶದಲ್ಲಿ ಇದು ಶುರುವಾದದ್ದು 2013ರ ಜನವರಿ 1ರಂದು.

ದೊಡ್ಡವ್ವನದು ‘ಸಂಧ್ಯಾ ಸುರಕ್ಷಾ’ ಪಗಾರ. 65 ವರ್ಷ ತುಂಬಿದ ಬಡವರಿಗೆ ರಾಜ್ಯ ಸರಕಾರ 2007ರಲ್ಲಿ ಈ ಯೋಜನೆ ತಂದಿತು. ತಿಂಗಳಿಗೆ 1,000 ರೂಪಾಯಿ ಇದ್ದದ್ದು 2021ರಲ್ಲಿ 1,200 ರೂಪಾಯಿ ಆಯಿತು.

ಈ ಹಣ ನಡೆದು ಬರುವ ದಾರಿಯಲ್ಲಿ ಐದು ನಿಲ್ದಾಣ ಇವೆ.

1. ತಹಶೀಲ್ದಾರ ಕಚೇರಿ. ಇಲ್ಲಿ ಪಗಾರ ಮಂಜೂರು ಆಗುತ್ತದೆ. ಮಂಜೂರಾತಿ ಕಾಗದ ಕೊಡುತ್ತಾರೆ.
2. ರಾಜ್ಯದ ಖಜಾನೆ. ಇಲ್ಲಿಂದ ಹಣ ಹೊರಡುತ್ತದೆ.
3. ನಡುವಿನ ಸೇತುವೆ. ಇದರ ಹೆಸರು ‘ಆಧಾರ್ ಪಾವತಿ ಸೇತುವೆ’. ಇದನ್ನು ನಡೆಸುವ ಸಂಸ್ಥೆ ಎನ್.ಪಿ.ಸಿ.ಐ.
4. ಬ್ಯಾಂಕು ಅಥವಾ ಅಂಚೆ ಬ್ಯಾಂಕು.
5. ನಮ್ಮ ಕೈ.

ಸೇತುವೆಯ ಬಳಿ ಒಂದು ಪಟ್ಟಿ ಇದೆ. ಅದರಲ್ಲಿ ಒಂದು ಆಧಾರ್ ನಂಬರಿನ ಮುಂದೆ ಒಂದೇ ಬ್ಯಾಂಕಿನ ಹೆಸರು ಇರುತ್ತದೆ. ನಮಗೆ ಎರಡು ಖಾತೆ ಇದ್ದರೂ ಪಟ್ಟಿಯಲ್ಲಿ ಒಂದೇ ಬ್ಯಾಂಕು. ಯಾವುದು? ಈ ಸೇತುವೆಗೆ ಕೊನೆಗೆ ಜೋಡಿಸಿದ ಬ್ಯಾಂಕು. ಹಣ ಅಲ್ಲಿಗೇ ಹೋಗುತ್ತದೆ.

ನಾವು ದೊಡ್ಡವ್ವನನ್ನು ಕೇಳಿದೆವು: “ಬ್ಯಾರೆ ಎಲ್ಲೆರ ಖಾತೆ ತಗದೀರೇನು? ಹೆಬ್ಬೆಟ್ಟು ಒತ್ತೀರೇನು?”

ದೊಡ್ಡವ್ವ ಬಹಳ ಹೊತ್ತು ಯೋಚಿಸಿದಳು.

“ಓಣಿಗೆ ಒಬ್ಬ ಹುಡುಗ ಸಣ್ಣ ಮಶೀನ ಹಿಡ್ಕೊಂಡು ಬಂದಿದ್ದ ನೋಡ್ರಿ. ವಿಮಾ ಆಗ್ತದ, ಹೆಬ್ಬೆಟ್ಟು ಒತ್ತಬೇ ಅಂದ. ಆಧಾರ್ ಕೊಟ್ಟೆ, ಒತ್ತಿದೆ.”

ಅಂದು ಆಕೆಯ ಹೆಸರಿನಲ್ಲಿ ಹೊಸ ಖಾತೆ ತೆರೆದಿತ್ತು. ಆಧಾರ್ ಅದಕ್ಕೆ ಜೋಡಣೆ ಆಗಿತ್ತು. ಸೇತುವೆಯ ಪಟ್ಟಿಯಲ್ಲಿ ಬ್ಯಾಂಕಿನ ಹೆಸರು ಬದಲಾಗಿತ್ತು. ದೊಡ್ಡವ್ವನಿಗೆ ಅದು ಗೊತ್ತೇ ಇರಲಿಲ್ಲ.

ದಿಲ್ಲಿಯ ಲೆಕ್ಕದ ಹಲಗೆ

ನಮ್ಮ ಶಾಲೆಯ ಬಾಗಿಲ ಬಳಿ ಒಂದು ಕರಿಹಲಗೆ ಇದೆ. ದಿನಾ ಅದರ ಮೇಲೆ ಬರೆಯುತ್ತೇವೆ: ಒಟ್ಟು ಮಕ್ಕಳು 40. ಹಾಜರು 36. ಯಾರು ಬಂದರೂ ಒಂದೇ ನೋಟಕ್ಕೆ ಲೆಕ್ಕ ತಿಳಿಯುತ್ತದೆ.

ಇಂಥದೇ ಹಲಗೆ ಸರಕಾರಕ್ಕೂ ಇದೆ. ಅದು ಕಂಪ್ಯೂಟರಿನಲ್ಲಿ ಕಾಣುವ ಹಲಗೆ. ಅದಕ್ಕೆ ‘ಡ್ಯಾಶ್‌ಬೋರ್ಡ್’ ಎನ್ನುತ್ತಾರೆ. ದೇಶದ ಹಲಗೆಯ ಹೆಸರು ‘ಡಿಬಿಟಿ ಭಾರತ’. ಯಾವ ಯೋಜನೆಯಲ್ಲಿ ಎಷ್ಟು ಜನಕ್ಕೆ ಎಷ್ಟು ಹಣ ಹೋಯಿತು ಎಂಬ ಲೆಕ್ಕ ಅದರಲ್ಲಿ ಇರುತ್ತದೆ.

ನಮ್ಮ ಊರಿನ ಲೆಕ್ಕ ನೇರ ಅಲ್ಲಿಗೆ ಹೋಗುವುದಿಲ್ಲ. ನಡುವೆ ರಾಜ್ಯದ ಡಿಬಿಟಿ ಘಟಕ ಇದೆ. ಅದು ಇಲಾಖೆಗಳ ಲೆಕ್ಕ ಕೂಡಿಸಿ ದಿಲ್ಲಿಗೆ ಕಳಿಸುತ್ತದೆ.

ದಿಲ್ಲಿಗೆ ಈ ಲೆಕ್ಕ ಯಾಕೆ ಬೇಕು? ಕೆಲವು ಪಗಾರಗಳಲ್ಲಿ ಕೇಂದ್ರ ಸರಕಾರದ ಪಾಲೂ ಇದೆ. 1995ರ ಆಗಸ್ಟ್ 15ರಂದು ‘ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ’ ಶುರುವಾಯಿತು. ಅದರಲ್ಲಿ ಬಡ ವೃದ್ಧರಿಗೆ, ವಿಧವೆಯರಿಗೆ, ಅಂಗವಿಕಲರಿಗೆ ಪಗಾರ ಇದೆ. 60ರಿಂದ 79 ವರ್ಷದ ವೃದ್ಧರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. 80 ತುಂಬಿದವರಿಗೆ 500 ರೂಪಾಯಿ. ಉಳಿದದ್ದನ್ನು ರಾಜ್ಯ ಕೂಡಿಸಿ ಕೊಡುತ್ತದೆ. ಕೊಟ್ಟ ಹಣಕ್ಕೆ ಲೆಕ್ಕ ಬೇಕಲ್ಲವೇ? ಒಬ್ಬರ ಹೆಸರಲ್ಲಿ ಎರಡು ಸಲ ಹೋಗಬಾರದು. ಇಲ್ಲದವರ ಹೆಸರಲ್ಲಿ ಹೋಗಬಾರದು. ಅದಕ್ಕೆ ಹಲಗೆ ಬೇಕು.

ಆದರೆ ಒಂದು ಮಾತು ನೆನಪಿಡಿ. ಶಾಲೆಯ ಹಲಗೆ ‘ಹಾಜರು 36’ ಎನ್ನುತ್ತದೆ. ಬಾರದ ನಾಲ್ಕು ಮಕ್ಕಳು ಯಾರು? ಯಾಕೆ ಬರಲಿಲ್ಲ? ಹಲಗೆ ಹೇಳುವುದಿಲ್ಲ. ಅವರ ತಾಯಿ ಹೇಳಬೇಕು. ದಿಲ್ಲಿಯ ಹಲಗೆಯೂ ಹಾಗೆಯೇ. ಅದರಲ್ಲಿ ದೊಡ್ಡವ್ವನ ಪಗಾರ ‘ಹೋದ’ ಲೆಕ್ಕದಲ್ಲಿ ಇತ್ತು. ಆಕೆ ಔಷಧ ಇಲ್ಲದೆ ಕುಳಿತಿದ್ದು ಹಲಗೆಗೆ ಕಾಣಲಿಲ್ಲ. ಹಣ ಕೈಗೆ ಮುಟ್ಟಿತೋ ಇಲ್ಲವೋ ಎಂದು ಹೇಳುವವರು ನಾವೇ. ನಾವು ಬಾಯಿ ತೆರೆಯದಿದ್ದರೆ ಹಲಗೆ ತುಂಬಿರುತ್ತದೆ, ಕೈ ಖಾಲಿ ಇರುತ್ತದೆ.

ಪಗಾರ ಸಿಕ್ಕಿತು

ಯಾವ ಬ್ಯಾಂಕಿಗೆ ಹಣ ಹೋಗಿದೆ ಎಂದು ಕಚೇರಿಯವರು ನೋಡಿ ಹೇಳಿದರು. ಆ ಬ್ಯಾಂಕಿಗೆ ಹೋದೆವು. ಆಧಾರ್ ತೋರಿಸಿದೆವು. ಖಾತೆಯಲ್ಲಿ 3,600 ರೂಪಾಯಿ ಹಾಗೆಯೇ ಇತ್ತು.

ಆಮೇಲೆ ಹಳೆಯ ಬ್ಯಾಂಕಿಗೆ ಬಂದೆವು. ‘ನನ್ನ ಪಗಾರ ಈ ಖಾತೆಗೇ ಬರಲಿ’ ಎಂದು ಆಧಾರ್ ಜೋಡಣೆಯ ಅರ್ಜಿ ಕೊಟ್ಟೆವು. ಗುಮಾಸ್ತರು ಹೆಬ್ಬೆಟ್ಟಿನ ಮಸಿ ಮುಂದೆ ಇಟ್ಟರು. ದೊಡ್ಡವ್ವ ಅದನ್ನು ಆಚೆ ಸರಿಸಿದಳು.

“ಪೆನ್ನು ಕೊಡ್ರಿ,” ಎಂದಳು.

ಸಹಿ ಮಾಡಲು ಬಹಳ ಹೊತ್ತು ಬೇಕಾಯಿತು. ಹಿಂದಿನವರು ಕಾದರು. ಹೊರಗೆ ಬಂದ ಮೇಲೆ ದೊಡ್ಡವ್ವ ಸೊಸೆಯ ಕೈ ಹಿಡಿದಳು. “ನಡಿ ಮಗಳ, ಹೊತ್ತಾತು. ಮನ್ಯಾಗ ರೊಟ್ಟಿ ಮಾಡೂದೈತಿ,” ಎಂದಳು. ಮುಂದಿನ ತಿಂಗಳ ಪಗಾರ ಹಳೆಯ ಪಾಸ್‌ಬುಕ್ಕಿಗೇ ಬಂತು.

ಎರಡು ಥರದ ನಡುವಿನವರು

ಸೇತುವೆ, ರಾಜ್ಯದ ಘಟಕ, ಬ್ಯಾಂಕು ಇವೆಲ್ಲ ನಡುವಿನವರೇ. ಇವರು ನಮ್ಮ ಪಗಾರದಲ್ಲಿ ಪಾಲು ಕೇಳುವುದಿಲ್ಲ. “ಇನ್ನೂರು ಕೊಡು, ಪಗಾರ ಚಾಲೂ ಮಾಡಿಸ್ತೀನಿ” ಎನ್ನುವವನೂ ನಡುವಿನವನೇ. ಆದರೆ ಅವನು ದಲ್ಲಾಳಿ. ಅವನ ಕೆಲಸ ನಾವೇ ಮಾಡಬಹುದು. ಒಂದು ಪಾಸ್‌ಬುಕ್ಕು, ಒಂದು ಅರ್ಜಿ, ಎರಡು ಸಲ ಓಡಾಟ. ಅಷ್ಟೇ.

ಪಗಾರ ನಿಂತರೆ ಹೀಗೆ ಮಾಡಿರಿ

1. ಮನೆಯವರ ಮೇಲೆ ಸಂಶಯ ಪಡುವ ಮೊದಲು ಪಾಸ್‌ಬುಕ್ಕಿನಲ್ಲಿ ಲೆಕ್ಕ ಬರೆಸಿ ಓದಿರಿ.
2. ಗ್ರಾಮ ಆಡಳಿತ ಅಧಿಕಾರಿಯನ್ನು ಕಾಣಿರಿ. ನಾಡಕಚೇರಿ ಅಥವಾ ತಹಶೀಲ್ದಾರ ಕಚೇರಿಗೆ ಹೋಗಿರಿ.
3. ಮೂರು ಮಾತು ಕೇಳಿರಿ: ಹಣ ಹೊರಟಿದೆಯೇ? ಯಾವ ದಿನ? ಯಾವ ಬ್ಯಾಂಕಿಗೆ?
4. ಹಣ ಹೊರಟೇ ಇಲ್ಲದಿದ್ದರೆ ಕಾರಣ ಕೇಳಿರಿ. ಆಧಾರ್‌ನಲ್ಲಿ ಒಂದು ಹೆಸರು, ಮಂಜೂರಾತಿ ಕಾಗದದಲ್ಲಿ ಇನ್ನೊಂದು ಹೆಸರು ಇರಬಹುದು. ಬದುಕಿರುವವರನ್ನು ತಪ್ಪಿ ‘ತೀರಿಕೊಂಡವರು’ ಎಂದು ಬರೆದಿರಬಹುದು.
5. ಅರ್ಜಿ ಕೊಟ್ಟರೆ ಸ್ವೀಕೃತಿ ಪಡೆಯಿರಿ. ಅದನ್ನು ಜೋಪಾನ ಮಾಡಿರಿ.
6. ಓಟಿಪಿ ನಂಬರು ಯಾರಿಗೂ ಹೇಳಬೇಡಿರಿ. ಯಾತಕ್ಕೆಂದು ತಿಳಿಯದೆ ಹೆಬ್ಬೆಟ್ಟು ಒತ್ತಬೇಡಿರಿ.

ಹೊಸ ಪದಗಳು

ಮಂಜೂರಾತಿ – ಖಜಾನೆ – ಜೋಡಣೆ – ಸಂದಾಯ – ಜಮಾ – ಶಿಲ್ಕು – ಸ್ವೀಕೃತಿ

ಉತ್ತರ ಬರೆಯಿರಿ

1. ದೊಡ್ಡವ್ವನ ಪಗಾರ ಯಾಕೆ ಬೇರೆ ಬ್ಯಾಂಕಿಗೆ ಹೋಯಿತು?
2. ದಿಲ್ಲಿಯ ಹಲಗೆಗೆ ಕಾಣುವುದು ಯಾವುದು? ಕಾಣದ್ದು ಯಾವುದು?
3. ತಿಂಗಳಿಗೆ 1,200 ರೂಪಾಯಿ ಆದರೆ ಐದು ತಿಂಗಳಿಗೆ ಎಷ್ಟು?

ಅರ್ಜಿ ಬರೆಯಿರಿ. ಬಿಟ್ಟ ಜಾಗ ತುಂಬಿರಿ

ತಹಶೀಲ್ದಾರ ಸಾಹೇಬರಿಗೆ,

ನನ್ನ ಹೆಸರು ................ . ನನ್ನ ಊರು ................ . ನನಗೆ ................ ತಿಂಗಳಿಂದ ಪಗಾರ ಮುಟ್ಟಿಲ್ಲ. ಹಣ ಯಾವ ದಿನ, ಯಾವ ಬ್ಯಾಂಕಿಗೆ ಹೋಗಿದೆ ಎಂದು ದಯವಿಟ್ಟು ಬರೆದು ತಿಳಿಸಿರಿ.

ಸಹಿ ................