ಎರಡೂ ವಿಷಯ ಒಟ್ಟಿಗೆ ಬೇಕೇ?

ಬಿ.ಎ.ಯಲ್ಲಿ ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ಎರಡನ್ನೂ ತೆಗೆದುಕೊಂಡರೆ ಓದಿದ್ದನ್ನೇ ಓದಿದಂತೆ ಎಂದು ನಿಮ್ಮ ಮಾವ ಹೇಳಿದ್ದಾರಲ್ಲ, ಅದು ಅರ್ಧ ಸತ್ಯ. ಮಾರ್ಕ್ಸ್, ವೆಬರ್ ಎರಡೂ ಕಡೆ ಎದುರಾಗುತ್ತಾರೆ, ನಿಜ. ಕೇಳುವ ಪ್ರಶ್ನೆಗಳು ಮಾತ್ರ ಬೇರೆ.

ನಿಮ್ಮೂರಿನ ಪಂಚಾಯಿತಿಯನ್ನೇ ನೋಡಿ. ಸಂವಿಧಾನದ 73ನೇ ತಿದ್ದುಪಡಿ, ಮೀಸಲಾತಿ, ಅಧ್ಯಕ್ಷರ ಅಧಿಕಾರ ಇವನ್ನೆಲ್ಲ ರಾಜ್ಯಶಾಸ್ತ್ರ ಕಲಿಸುತ್ತದೆ. ಮಹಿಳಾ ಮೀಸಲು ಸ್ಥಾನದಲ್ಲಿ ಗೆದ್ದವರು ಕುರ್ಚಿಯಲ್ಲಿ ಕೂತಿದ್ದರೂ ಪಕ್ಕದಲ್ಲಿ ನಿಂತು ಕಡತ ತಿರುವಿಹಾಕುವುದು ಗಂಡನೇ ಏಕೆ? ಇದಕ್ಕೆ ಸಮಾಜಶಾಸ್ತ್ರವೇ ಬೇಕು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಂಗಿ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮುಂದೆ ಮಂಡಿಸಿದ ‘ಪ್ರಬಲ ಜಾತಿ’ಯ ಪರಿಕಲ್ಪನೆಯನ್ನು ಬಿಟ್ಟು ನಮ್ಮ ಚುನಾವಣೆಗಳ ಟಿಕೆಟ್ ಹಂಚಿಕೆಯ ಲೆಕ್ಕಾಚಾರ ಬಿಡಿಸುವುದು ಕಷ್ಟ. (ಪಕ್ಷದ ಕಚೇರಿಯವರು ಇದನ್ನು ಪುಸ್ತಕ ಓದದೆಯೇ ಬಲ್ಲರು!)

ಇನ್ನು ಕೆಲಸದ ಮಾತು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಗೆ ಐಚ್ಛಿಕ ವಿಷಯ ಒಂದೇ. ಎಂ.ಎ.ಗೂ ಸಾಮಾನ್ಯವಾಗಿ ಒಂದನ್ನೇ ಆರಿಸಬೇಕು. ಆ ತೀರ್ಮಾನಕ್ಕೆ ಕೊನೆಯ ವರ್ಷದವರೆಗೂ ಸಮಯವಿದೆ. ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಪ್ರವೇಶಕ್ಕೆ ಅರ್ಜಿ ಹಾಕುವ ಮುನ್ನ ಆ ಕಾಲೇಜಿನಲ್ಲಿ ಈ ಜೋಡಿ ಇದೆಯೇ, ಎರಡಕ್ಕೂ ಕಾಯಂ ಅಧ್ಯಾಪಕರಿದ್ದಾರೆಯೇ ಎಂದು ಖುದ್ದಾಗಿ ವಿಚಾರಿಸಿ.