ಮನೆಯ ದೀಪಕ್ಕೆ ಬೆಳಕು ಬಂದ ದಾರಿ

ಗುಂಡಿಯನ್ನು ಒತ್ತಿದೊಡನೆ ದೀಪ ಬೆಳಗುವುದು ಇಂದಿನ ಮಕ್ಕಳಿಗೆ ಅಚ್ಚರಿಯ ಸಂಗತಿಯಲ್ಲ. ಆದರೆ ಆ ಬೆಳಕು ಎಲ್ಲಿ ಹುಟ್ಟಿತು, ಯಾರ ಮನೆಗೆ ಮೊದಲು ಬಂದಿತು, ಯಾರ ಮನೆಗೆ ತಡವಾಗಿ ಬಂದಿತು ಎಂಬುದನ್ನು ಅವರಿಗೆ ತಿಳಿಸುವುದು ನಮ್ಮ ಕರ್ತವ್ಯ.

ತಂತಿಯ ಸುರುಳಿಯ ಬಳಿ ಅಯಸ್ಕಾಂತವನ್ನು ಚಲಿಸಿದರೆ ತಂತಿಯಲ್ಲಿ ವಿದ್ಯುತ್ತು ಪ್ರವಹಿಸುವುದೆಂದು ಇಂಗ್ಲೆಂಡಿನ ಮೈಕೇಲ್ ಫ್ಯಾರಡೆಯವರು 1831ರಲ್ಲಿ ತೋರಿಸಿಕೊಟ್ಟರು. ವಿದ್ಯುದಾಗಾರಗಳಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ಎತ್ತರದಿಂದ ಕೊಳವೆಗಳಲ್ಲಿ ಇಳಿಯುವ ನೀರು ಚಕ್ರವನ್ನು ತಿರುಗಿಸುತ್ತದೆ. ಚಕ್ರವು ಜನಕಯಂತ್ರವನ್ನು ತಿರುಗಿಸುತ್ತದೆ. ನೀರಿನ ಓಟವೇ ವಿದ್ಯುತ್ತಾಗುತ್ತದೆ.

ನಮ್ಮ ನಾಡಿನಲ್ಲಿ ಈ ಕಾರ್ಯಕ್ಕೆ ಕಾವೇರಿಯ ಶಿವನಸಮುದ್ರವು ನೆಲೆಯಾಯಿತು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಈ ಯೋಜನೆ 1902ರ ಜೂನ್ 30ರಂದು ಕಾರ್ಯರೂಪಕ್ಕೆ ಬಂದಿತು. ಅದನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗಿರಲಿಲ್ಲ. 1901ರಲ್ಲಿಯೇ ಅವರು ಕಾಲವಾಗಿದ್ದರು.

ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಇಷ್ಟು ದೂರ ಸಾಗಿಸುವ ಉಪಾಯವೇನು? ಪ್ರವಾಹ ಹೆಚ್ಚಿದಷ್ಟೂ ತಂತಿ ಬಿಸಿಯಾಗಿ ಶಕ್ತಿ ವ್ಯರ್ಥವಾಗುತ್ತದೆ. ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ, ಅಷ್ಟೇ ಶಕ್ತಿಯನ್ನು ಒಯ್ಯಲು ಹತ್ತನೆಯ ಒಂದು ಭಾಗ ಪ್ರವಾಹ ಸಾಕು. ನಷ್ಟವು ನೂರರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಆದುದರಿಂದಲೇ ಟ್ರಾನ್ಸ್‌ಫಾರ್ಮರುಗಳು ಹೊರಡುವಲ್ಲಿ ವೋಲ್ಟೇಜನ್ನು ಏರಿಸಿ, ಊರಿನ ಬಳಿ ಇಳಿಸುತ್ತವೆ. ಮನೆಗೆ ಬರುವುದು ಸುಮಾರು 230 ವೋಲ್ಟು.

1905ರ ಆಗಸ್ಟ್ 5ರಂದು ಬೆಂಗಳೂರಿನಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಬೇಸಗೆಯಲ್ಲಿ ನದಿ ಬಡವಾದಾಗಲೂ ವಿದ್ಯುತ್ತಿಗೆ ಕೊರತೆಯಾಗದಿರಲೆಂಬುದು 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲೊಂದಾಗಿತ್ತು.

ಮೊದಲು ಗಣಿ, ಅನಂತರ ನಗರ, ಕೊನೆಗೆ ಹಳ್ಳಿ: ಇದು ಬೆಳಕು ನಡೆದ ಕ್ರಮ. ನೆತ್ತಿಯ ಮೇಲೆ ತಂತಿ ಹಾದುಹೋಗಿದ್ದರೂ ಅನೇಕ ಹಳ್ಳಿಗಳ ಮಕ್ಕಳು ದಶಕಗಳ ಕಾಲ ಬುಡ್ಡಿದೀಪದಲ್ಲಿಯೇ ಓದಿದರು. 1980ರ ದಶಕದಲ್ಲಿ ಭಾಗ್ಯಜ್ಯೋತಿ ಯೋಜನೆಯು ಬಡವರ ಗುಡಿಸಲಿಗೆ ಒಂದೊಂದು ದೀಪವನ್ನು ತಂದಿತು. ಒಂದೇ ದೀಪವಾದರೂ ಅದರಡಿ ಪುಸ್ತಕ ತೆರೆದವರಿಗೆ ಅದರ ಬೆಲೆ ತಿಳಿದಿದೆ.

ತಂತಿಯು ವಿದ್ಯುತ್ತನ್ನು ಕೂಡಿಡಲಾರದು. ನಾವು ಬಳಸುವ ಕ್ಷಣದಲ್ಲಿಯೇ ಎಲ್ಲಿಯೋ ಚಕ್ರ ತಿರುಗುತ್ತಿರಬೇಕು. ಬರಿದಾದ ಕೋಣೆಯಲ್ಲಿ ಉರಿಯುವ ದೀಪವನ್ನು ಆರಿಸುವ ವಿದ್ಯಾರ್ಥಿಯು, ತನಗೆ ಕಾಣದ ನದಿಯ ನೀರನ್ನೂ ತಾನರಿಯದ ಮನೆಯ ಬೆಳಕನ್ನೂ ಉಳಿಸುತ್ತಾನೆ. ವಿಜ್ಞಾನದ ಈ ಪಾಠವು ತರಗತಿಯಲ್ಲಿಯೇ ಆರಂಭವಾಗಲಿ.