ಸವಳು ಹೊಲಕ್ಕ ಜಿಪ್ಸಂ: ಮೊದಲು ಬಸಿನೀರಿನ ದಾರಿ ನೋಡ್ರಿ

ಅಥಣಿ, ರಾಯಬಾಗ, ಕಾಗವಾಡ ಕಡೆಯಿಂದ ಬೇಸಿಗೆಯಲ್ಲಿ ನನ್ನ ಮೊಬೈಲ್‌ಗೆ ಬರೋ ಫೋಟೋ ಒಂದೇ ಥರ ಇರ್ತಾವ: ಕಬ್ಬಿನ ಸಾಲಿನ ನಡುವ ಬಿಳಿ ಪುಡಿ. ಪ್ರಶ್ನೆನೂ ಒಂದೇ, “ಅಣ್ಣಾ, ಎಕರೆಗೆ ಎಷ್ಟು ಜಿಪ್ಸಂ ಹಾಕ್ಲಿ?”

ನಾನು ವಾಪಸ್ ಕೇಳ್ತೀನಿ, “ನಿನ್ನ ಹೊಲದ ಬಸಿನೀರು ಎಲ್ಲಿಗೆ ಹೋಗ್ತದ?” ಡಿಗ್ರಿ ಮುಗಿಸಿದ ಹೊಸದರಲ್ಲಿ ನಾನೂ ಇದನ್ನ ನೋಡದೆ ತಗ್ಗಿನ ಹೊಲಕ್ಕೆ ಟ್ರ್ಯಾಕ್ಟರ್‌ಗಟ್ಟಲೆ ಜಿಪ್ಸಂ ಹಾಕಿಸಿದ್ದೆ. ಮುಂದಿನ ಬೇಸಿಗೆಗೆ ಬಿಳಿ ಪುಡಿ ಹಂಗೇ ಇತ್ತು, ರೊಕ್ಕ ಹೋಗಿತ್ತು.

ಕೃಷ್ಣಾ ದಂಡೆಯ ಎರೆಮಣ್ಣು ನೀರನ್ನು ಬೇಗ ಕೆಳಗೆ ಬಿಡಲ್ಲ. ಕಬ್ಬಿಗೆ ವರ್ಷಗಟ್ಟಲೆ ಹರಿನೀರು ಬಿಟ್ಟರೆ ಅಂತರ್ಜಲ ಮೇಲೇರಿ ಭೂಮಿ ಜವಳಾಗ್ತದ. ದೀಪದ ಬತ್ತಿ ಎಣ್ಣೆ ಎಳೆದಂಗ ಮಣ್ಣು ಉಪ್ಪುನೀರನ್ನ ಮೇಲೆ ಎಳೀತದ. ಬಿಸಿಲಿಗೆ ನೀರು ಆರ್ತದ, ಉಪ್ಪು ಉಳೀತದ. ಇಂಥ ಸವಳಿಗೆ ಬೇಕಾದದ್ದು ಒಳ್ಳೆ ನೀರಿನಿಂದ ಉಪ್ಪು ತೊಳೆದು ಹೊರಗೆ ಕಳಿಸೋದು. ಜಿಪ್ಸಂ ಕೆಲಸ ಮಾಡೋದು ಸೋಡಿಯಂ ಹೆಚ್ಚಾದ ಕ್ಷಾರ ಮಣ್ಣಿನಲ್ಲಿ. ಬಿಟ್ಟ ಸೋಡಿಯಂ ಬಸಿದು ಹೋಗಲಿಕ್ಕೆ ಅಲ್ಲೂ ದಾರಿ ಬೇಕು.

ಗುರುತಿಗೆ ಸಣ್ಣ ಪರೀಕ್ಷೆ: ಒಣಗಿದ ಮಣ್ಣಿನ ಸಣ್ಣ ಹೆಂಟೆಯನ್ನ ಗಾಜಿನ ಲೋಟದ ಮಳೆನೀರಿಗೆ ಮೆಲ್ಲಗೆ ಬಿಡ್ರಿ, ಅಲ್ಲಾಡಿಸಬ್ಯಾಡ್ರಿ. ಕೆಲವು ತಾಸಿನ ಮೇಲೆ ಸುತ್ತ ಹಾಲಿನಂಗ ಕದಡಿದ್ದರೆ ಸೋಡಿಯಂ ಅನುಮಾನ. ಇದು ಸುಳಿವು ಅಷ್ಟೇ, ಉಪ್ಪು ಬಹಳ ಇದ್ದರೆ ಸೋಡಿಯಂ ಮಣ್ಣೂ ಕದಡದೆ ಇರಬಹುದು. ಲ್ಯಾಬ್ ವರದಿಯಲ್ಲಿ ರಸಸಾರ 8.5 ದಾಟಿದರೆ ಕ್ಷಾರ. ಇಸಿ 4 ದಾಟಿದರೆ ಸವಳು. ಈ 4 ನೆನೆಸಿದ ಮಣ್ಣಿನ ಮುದ್ದೆಯಿಂದ ತೆಗೆದ ಸಾರಕ್ಕೆ ಮಾತ್ರ. ಮಣ್ಣಿಗೆ ಎರಡು ಪಟ್ಟು ನೀರು ಸೇರಿಸಿ ಅಳೆದಿದ್ದರೆ ಅಂಕಿ ಕಡಿಮೆ ಬರ್ತದ. ಕೇಳಿ ತಿಳ್ಕೊಳ್ರಿ.

ಕಾಗವಾಡ ತಾಲೂಕಿನ ಉಗಾರ ಬುದ್ರುಕದಲ್ಲಿ ನೂರಾರು ಹೆಕ್ಟೇರಿನಲ್ಲಿ ನೆಲದೊಳಗೆ ತೂತಿನ ಪೈಪ್ ಹೂಳಿ ಬಸಿನೀರು ಹೊರಗೆ ತೆಗೆದಾರ. ಒಬ್ಬರ ಹೊಲದಿಂದ ಇದು ಆಗೂದಿಲ್ಲ. ಪೈಪ್ ಹಳ್ಳ ಮುಟ್ಟಬೇಕಂದ್ರ ನಡುವಿನ ಹೊಲದವರೂ ಒಪ್ಪಬೇಕು. ಖರ್ಚಿಗಿಂತ ಈ ಒಪ್ಪಿಗೆನೇ ಕಷ್ಟ ಅನ್ನೋದು ನನ್ನ ಅನುಭವ.

ದಾರಿ ಆದ ಮೇಲೆ ಲ್ಯಾಬ್ ಹೇಳಿದಷ್ಟೇ ಜಿಪ್ಸಂ ಹಾಕಿ ಮೇಲ್ಮಣ್ಣಿನಲ್ಲಿ ಬೆರೆಸ್ರಿ, ಒಳ್ಳೆ ನೀರು ಕಟ್ರಿ. ಆಮೇಲೆ ಎಕರೆಗೆ 20 ಕಿಲೋ ಡಯಾಂಚ ಬಿತ್ತಿ, 45-50 ದಿನಕ್ಕೆ ಹೂ ಬರೋ ಹೊತ್ತಿಗೆ ಮಣ್ಣಿಗೆ ಸೇರಿಸ್ರಿ. (ಸಾವಯವದವರಿಗೆ ಗಣಿಯ ಜಿಪ್ಸಂ ನಡೀತದ. ಕಾರ್ಖಾನೆಯ ಫಾಸ್ಫೋಜಿಪ್ಸಂ ತರೋ ಮೊದಲು ಪ್ರಮಾಣಪತ್ರ ಕೊಡೋರನ್ನ ಕೇಳ್ರಿ.)

ಈ ವಾರ ಹೊಲದ ತಗ್ಗಿನ ಮೂಲೆಯಲ್ಲಿ ಐದು ಅಡಿ ಗುಂಡಿ ತೋಡಿ ಒಂದು ದಿನ ಬಿಡ್ರಿ. ದನ, ಹುಡುಗರು ಬೀಳದಂಗ ಮುಚ್ಚಿರಿ. ಮೂರಡಿಯೊಳಗೆ ನೀರು ನಿಂತಿದ್ದರೆ ಗೊಬ್ಬರದ ಅಂಗಡಿಗಲ್ಲ, ಮೊದಲು ಕೆಳಗಿನ ಹೊಲದವರ ಮನಿಗೆ ಹೋಗ್ರಿ.